ಮದ್ದು ಕೊಟ್ಟ ಮೇಲಿನ ಕಾವಲು

(ಸಂಘದ ಆರೋಗ್ಯ ಉಪನ್ಯಾಸ ಮಾಲೆಯಲ್ಲಿ, ಡೊಂಬಿವಲಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾರ್ಯದರ್ಶಿಗಳು ಈ ಉಪನ್ಯಾಸಕ್ಕೆ ನನ್ನನ್ನು ಕರೆದಾಗ ನಾನು ಹಿಂಜರಿದದ್ದು ನಿಜ. ನಾನು ವೈದ್ಯನಲ್ಲ, ಔಷಧಶಾಸ್ತ್ರವನ್ನು ಓದಿದವನೂ ಅಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಮೂರು ದಶಕಗಳನ್ನು ಕಳೆದವನು. ಆದರೆ ಆ ಕಡತಗಳು ನನಗೊಂದು ಪಾಠ ಕಲಿಸಿವೆ. ಆದೇಶ ಹೊರಡಿಸುವುದು ಒಂದು ಕೆಲಸ; ಆ ಆದೇಶ ಜಾರಿಗೆ ಬಂದಮೇಲೆ ಏನಾಯಿತು ಎಂದು ನೋಡುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಸಹಿ ಇರುತ್ತದೆ, ಮೊಹರು ಇರುತ್ತದೆ. ಎರಡನೆಯದಕ್ಕೆ ಬಹಳ ಸಲ ಹೆಸರೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಬರೆದ ಔಷಧ ಒಂದು ಆದೇಶ. ಅದು ರೋಗಿಯ ಮೈಯೊಳಗೆ ಹೋದಮೇಲೆ ಏನು ಮಾಡುತ್ತಿದೆ ಎಂದು ರಾತ್ರಿಯಿಡೀ ಕಾಯುವವರು ದಾದಿಯರು. ಆ ಕಾವಲಿನ ಬಗ್ಗೆ, ಹೊರನಾಡಿನಲ್ಲಿರುವ ನಮಗೆ ಅದರಲ್ಲಿರುವ ಪಾಲಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಇಲ್ಲಿ ನಿಂತಿದ್ದೇನೆ.

ನನ್ನ ಮನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರನ್ನು ಇಲ್ಲಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಗದ ಹುಣ್ಣು. ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚುತ್ತಿದ್ದರು. ಅಂದು ಏಕಾದಶಿ. ಅಮ್ಮ ಐವತ್ತು ವರ್ಷಗಳಿಂದ ಬಿಡದೆ ಮಾಡಿಕೊಂಡು ಬಂದ ಉಪವಾಸ. ಆಸ್ಪತ್ರೆಯಲ್ಲಿ ಹೇಳಿದರೆ ಬೈಯುತ್ತಾರೆಂದು ಅವರು ಯಾರಿಗೂ ಹೇಳಲಿಲ್ಲ. ಸೂಜಿ ಚುಚ್ಚಿಸಿಕೊಂಡರು, ಬಂದ ಊಟವನ್ನು ಪಕ್ಕದ ಮಂಚದವರ ಜೊತೆಗಿದ್ದ ಹುಡುಗನಿಗೆ ಕೊಟ್ಟುಬಿಟ್ಟರು. ಕ್ಯಾಂಟೀನಿಗೆ ಹೋಗಿದ್ದ ನನಗೂ ಗೊತ್ತಾಗಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಅವರು ದಾದಿಯನ್ನು ಕರೆದು, "ಏನೋ ಸಂಕಟ ಆಗ್ತಿದೆ ಕಣಮ್ಮಾ" ಎಂದರಂತೆ. ಆ ಮಗಳು ಮರಾಠಿಯವಳು. ಮರಾಠಿಯಲ್ಲಿ 'ಸಂಕಟ' ಎಂದರೆ ವಿಪತ್ತು, ಆಪತ್ತು. "ಕಸಲಂ ಸಂಕಟ್, ಆಜಿ?" ಎಂದು ಅವಳು ನಕ್ಕಳಂತೆ. ವಯಸ್ಸಾದವರು ಸಂಸಾರದ ಕಷ್ಟವನ್ನು ತೋಡಿಕೊಳ್ಳುತ್ತಿದ್ದಾರೆಂದು ಭಾವಿಸಿದಳು. ನಮ್ಮ ಕಡೆ ಸಂಕಟವೆಂದರೆ ಹೊಟ್ಟೆಯೊಳಗೆ ಕಿವುಚಿದಂತಾಗಿ ಜೀವ ಕುಸಿಯುವ ಸ್ಥಿತಿ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಆದರೆ ಅವಳು ಅಲ್ಲಿಂದ ಹೋಗಲಿಲ್ಲ. ಸಮಾಧಾನ ಹೇಳಲೆಂದು ಅಮ್ಮನ ಕೈ ಹಿಡಿದಳು. ಕೈ ತಣ್ಣಗಿತ್ತು, ಬೆವರಿತ್ತು. ಫ್ಯಾನು ತಿರುಗುತ್ತಿದ್ದರೂ ದಿಂಬು ಒದ್ದೆಯಾಗಿತ್ತು. ಮರುಕ್ಷಣವೇ ಬೆರಳಿಗೆ ಸೂಜಿ ಮುಟ್ಟಿಸಿ ಸಕ್ಕರೆ ನೋಡಿದಳು: 46. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಎಚ್ಚರ, 54ಕ್ಕಿಂತ ಕೆಳಗಿಳಿದರೆ ಅಪಾಯ. ಇನ್ನೂ ಇಳಿದಿದ್ದರೆ ಪ್ರಜ್ಞೆ ತಪ್ಪುತ್ತಿತ್ತು. ನಾನು ಮೇಲೆ ಬರುವಷ್ಟರಲ್ಲಿ ಗ್ಲೂಕೋಸ್ ಕೊಟ್ಟು, ವೈದ್ಯರನ್ನು ಕರೆಸಿ, ಹದಿನೈದು ನಿಮಿಷದ ಮೇಲೆ ಎರಡನೆಯ ಸಲ ಸಕ್ಕರೆ ನೋಡುತ್ತಿದ್ದಳು. ಅಮ್ಮ ಬದುಕಿ ಮನೆಗೆ ಬಂದರು. ಅವರನ್ನು ಉಳಿಸಿದ್ದು ಭಾಷೆಯಲ್ಲ. ಭಾಷೆ ಸೋತಲ್ಲಿ ಕೆಲಸ ಮಾಡಿದ ಆ ಹುಡುಗಿಯ ಕಣ್ಣು ಮತ್ತು ಕೈ. ತಪ್ಪು ಯಾರದು ಎಂದು ಆಮೇಲೆ ಯೋಚಿಸಿದೆ. ಏಕಾದಶಿಯ ವಿಷಯ ತಿಳಿದಿದ್ದೂ ಹೇಳದೆ ಇದ್ದವರು ನಾವು.

ದಾದಿಯ ಕೆಲಸವೆಂದರೆ ಮಾತ್ರೆ ಹಂಚುವುದು, ಸೂಜಿ ಚುಚ್ಚುವುದು ಎಂಬ ಕಲ್ಪನೆ ನಮ್ಮಲ್ಲಿ ಬಹಳ ಜನರಿಗಿದೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಇಂದು ಶುಶ್ರೂಷಾ ಶಾಲೆಗಳಲ್ಲಿ ಮೊದಲು ಬಾಯಿಪಾಠ ಮಾಡಿಸುವುದು ಐದು 'ಸರಿ'ಗಳನ್ನು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಹೆಸರು ಗೊತ್ತಿದ್ದರೂ ಪ್ರತಿ ಸಲ ಹೆಸರು ಕೇಳುತ್ತಾರೆಂದು ನಮ್ಮ ಹಿರಿಯರು ಬೇಸರಪಡುತ್ತಾರೆ. ಅದು ಮರೆವಲ್ಲ, ನಿಯಮ. ಒಂದೇ ವಾರ್ಡಿನಲ್ಲಿ ಇಬ್ಬರು ಶೆಟ್ಟರೋ ಇಬ್ಬರು ಪಾಟೀಲರೋ ಇದ್ದಾಗ ಆ ಒಂದು ಪ್ರಶ್ನೆ ಜೀವ ಉಳಿಸುತ್ತದೆ.

ಈ ಐದೂ ಸರಿಯಾದ ಮೇಲೆ ನಿಜವಾದ ಕಾವಲು ಆರಂಭವಾಗುತ್ತದೆ. ಪ್ರತಿಯೊಂದು ಔಷಧಕ್ಕೂ ಕಾಯುವ ಜಾಗ ಬೇರೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆಗೆ ಮೊದಲು ದಾದಿ ಪೂರ್ತಿ ಒಂದು ನಿಮಿಷ ನಾಡಿಯನ್ನು ಎಣಿಸುತ್ತಾಳೆ. ವಯಸ್ಕರಲ್ಲಿ ಅದು 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸುತ್ತಾಳೆ. ನೋವಿಗೆ ಮಾರ್ಫಿನ್ ಕೊಟ್ಟಿದ್ದರೆ ನೋವು ಇಳಿಯಿತೇ ಎಂದು ಕೇಳುವುದರ ಜೊತೆಗೆ ಉಸಿರನ್ನು ಎಣಿಸಬೇಕು, ಎಚ್ಚರ ಎಷ್ಟಿದೆ ಎಂದು ನೋಡಬೇಕು. ನೆಮ್ಮದಿಯಾಗಿ ಮಲಗಿದಂತೆ ಕಾಣುವ ರೋಗಿಯ ಉಸಿರು ನಿಧಾನಕ್ಕೆ ಇಳಿಯುತ್ತಿರಬಹುದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಅಥವಾ ವಾರ್ಫರಿನ್ ಕೊಟ್ಟಿದ್ದರೆ ವಸಡು, ಮೂತ್ರದ ಬಣ್ಣ, ಮಲದ ಕಪ್ಪು, ಮೈಮೇಲಿನ ನೀಲಿ ಕಲೆ. ನೀರಿಳಿಸುವ ಔಷಧಕ್ಕೆ ಮೂತ್ರದ ಅಳತೆ, ದಿನದ ತೂಕ, ಎದ್ದು ನಿಂತಾಗ ತಲೆ ತಿರುಗುತ್ತದೆಯೇ ಎಂಬ ವಿಚಾರಣೆ. ಪೆನಿಸಿಲಿನ್ ಜಾತಿಯ ಔಷಧಕ್ಕೆ ಹಿಂದೆ ಎಂದಾದರೂ ಒಗ್ಗಿರಲಿಲ್ಲವೇ ಎಂಬ ಪ್ರಶ್ನೆ, ತುರಿಕೆ, ದದ್ದು, ಉಬ್ಬಸದ ಮೇಲೆ ಕಣ್ಣು, ಕೈಗೆಟಕುವಲ್ಲಿ ಅಡ್ರಿನಾಲಿನ್. ಇನ್ನು ಗಾಢವಾದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಲ್ಲುತ್ತದೆ. ಆದ್ದರಿಂದ ಶಿಸ್ತಿನ ಆಸ್ಪತ್ರೆಗಳಲ್ಲಿ ಇಂಥ ಔಷಧಗಳನ್ನು ಬೇರೆಯಾಗಿಟ್ಟು, ಇಬ್ಬರು ದಾದಿಯರು ಒಬ್ಬರ ಲೆಕ್ಕವನ್ನೊಬ್ಬರು ನೋಡಿದ ಮೇಲೆಯೇ ಕೊಡುತ್ತಾರೆ.

ಐದು 'ಸರಿ'ಗಳಷ್ಟೇ ಸಾಲವು ಎಂಬುದಕ್ಕೆ ನಮ್ಮ ಪಕ್ಕದ ಮುಂಬಯಿಯಲ್ಲೇ ಒಂದು ಕಹಿ ಉದಾಹರಣೆ ಇದೆ. 1986ರ ಆರಂಭದಲ್ಲಿ ಜೆ. ಜೆ. ಆಸ್ಪತ್ರೆಯಲ್ಲಿ ಮೆದುಳಿನ ಹಾಗೂ ಕಣ್ಣಿನ ಒತ್ತಡವನ್ನು ಇಳಿಸಲು ರೋಗಿಗಳಿಗೆ ಗ್ಲಿಸರಿನ್ ಕುಡಿಸಲಾಯಿತು. ರೋಗಿ ಸರಿ, ಔಷಧದ ಹೆಸರು ಸರಿ, ಪ್ರಮಾಣ ಸರಿ, ಮಾರ್ಗ ಸರಿ, ಸಮಯ ಸರಿ. ಆದರೆ ಸೀಸೆಯಲ್ಲಿದ್ದ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷ ಬೆರೆತಿತ್ತು. ಮೂತ್ರಪಿಂಡಗಳು ಕೈಕೊಟ್ಟು 14 ಮಂದಿ ತೀರಿಕೊಂಡರು. ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ಅವರ ಆಯೋಗ ವಿಚಾರಣೆ ನಡೆಸಿ, ಔಷಧ ಖರೀದಿ ಮತ್ತು ನಿಯಂತ್ರಣದಲ್ಲಿದ್ದ ಭ್ರಷ್ಟಾಚಾರವನ್ನು ಬಯಲಿಗೆ ತಂದಿತು. ಸೀಸೆಯೊಳಗಿನ ವಿಷ ದಾದಿಯ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ರೋಗಿಯ ಮೈಯಲ್ಲಿ ತೋರುವ ಗುರುತು ಕಾಣುತ್ತದೆ: ನಿನ್ನೆ ಒಂದು ಲೀಟರಿದ್ದ ಮೂತ್ರ ಇಂದು ಕಾಲು ಲೀಟರಿಗೆ ಇಳಿದರೆ ಅದು ಅವಳ ಕಾಗದದಲ್ಲಿ ಮೊದಲು ಬರುತ್ತದೆ. ಹಲವು ಮಂಚಗಳ ಇಂಥ ಕಾಗದಗಳನ್ನು ಒಟ್ಟಿಗಿಟ್ಟು ನೋಡುವ ವ್ಯವಸ್ಥೆ ಇದ್ದಷ್ಟೂ ವಿಷ ಬೇಗ ಪತ್ತೆಯಾಗುತ್ತದೆ.

ಅಂಥ ವ್ಯವಸ್ಥೆ ನಮ್ಮ ದೇಶದಲ್ಲಿ 2010ರಲ್ಲಿ ಆರಂಭವಾಯಿತು. ಅದೇ ಭಾರತೀಯ ಔಷಧ ಸುರಕ್ಷಾ ನಿಗಾ ಕಾರ್ಯಕ್ರಮ. 2011ರಿಂದ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದರ ರಾಷ್ಟ್ರೀಯ ಕೇಂದ್ರ. ಔಷಧದಿಂದ ಅನಿರೀಕ್ಷಿತ ತೊಂದರೆ ಆಗಿದೆ ಎಂಬ ಸಂದೇಹ ಬಂದರೆ ವೈದ್ಯರಷ್ಟೇ ಅಲ್ಲ, ದಾದಿಯರೂ ವರದಿ ಕಳಿಸಬಹುದು. ಸಂದೇಹ ಸಾಕು, ಪುರಾವೆ ಬೇಡ. ಇದಕ್ಕಿಂತ ಮುಖ್ಯವಾಗಿ, ರೋಗಿ ಅಥವಾ ಮನೆಯವರೇ ವರದಿ ಕಳಿಸುವ ಪ್ರತ್ಯೇಕ ನಮೂನೆ ಇದೆ. ಅದು ಕನ್ನಡದಲ್ಲಿಯೂ ಇದೆ. 1800-180-3024 ಎಂಬ ಉಚಿತ ದೂರವಾಣಿಯೂ ಇದೆ. ಮೂವತ್ತು ವರ್ಷ ಸರ್ಕಾರಿ ನಮೂನೆಗಳನ್ನು ತುಂಬಿದವನಾಗಿ ಹೇಳುತ್ತೇನೆ: ಜನ ಕೇಳದ ನಮೂನೆ ಕಪಾಟಿನಲ್ಲೇ ಹಳದಿಯಾಗುತ್ತದೆ. ಕನ್ನಡದ ಈ ನಮೂನೆಯನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಕೀಲಿಕೈ ಭಾಷೆಯಲ್ಲಿಯೇ ಇದೆ ಎಂಬುದಕ್ಕೆ ಅತ್ಯಾಧುನಿಕ ಸಾಕ್ಷಿ ನಮ್ಮ ನವಿ ಮುಂಬಯಿಯಲ್ಲಿಯೇ ದೊರೆಯುತ್ತದೆ. ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ 'ಆಕ್ಟ್ರೆಕ್' ಎಂಬ ಕ್ಯಾನ್ಸರ್ ಸಂಶೋಧನಾ ಹಾಗೂ ಚಿಕಿತ್ಸಾ ಕೇಂದ್ರವಿದೆ. ರೋಗಿಯ ರಕ್ತದಿಂದಲೇ ರಕ್ಷಣಾ ಕಣಗಳನ್ನು ತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಅವನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ, ಮತ್ತೆ ಮೈಗೆ ಸೇರಿಸುವ ಕಾರ್-ಟಿ ಚಿಕಿತ್ಸೆ ಭಾರತದಲ್ಲಿ ಮೊದಲ ಬಾರಿಗೆ 2021ರ ಜೂನ್ 4ರಂದು ನಡೆದದ್ದು ಅಲ್ಲಿಯೇ. ಮುಂಬಯಿ ಐಐಟಿಯ ಜೊತೆ ಸೇರಿ ರೂಪಿಸಿದ ಈ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಸರ್ಕಾರದ ಅನುಮತಿಯೂ ದೊರೆಯಿತು. ಇಂಥ ಚಿಕಿತ್ಸೆಯ ನಂತರ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು, ಮೆದುಳಿಗೆ ಮಬ್ಬು ಕವಿಯಬಹುದು. ಈ ಮಬ್ಬನ್ನು ಮೊದಲ ಗಳಿಗೆಯಲ್ಲೇ ಹಿಡಿಯಲು ಜಗತ್ತಿನಾದ್ಯಂತ ದಾದಿಯರು ಅನುಸರಿಸುವ ಪರೀಕ್ಷೆ ಯಾವುದೋ ಭಾರಿ ಯಂತ್ರದ್ದಲ್ಲ. ಇದು ಯಾವ ವರ್ಷ, ಯಾವ ತಿಂಗಳು, ಯಾವ ಊರು, ಯಾವ ಆಸ್ಪತ್ರೆ ಎಂದು ಕೇಳುತ್ತಾರೆ. ಪೆನ್ನು, ಗಡಿಯಾರಗಳನ್ನು ತೋರಿಸಿ ಹೆಸರು ಕೇಳುತ್ತಾರೆ. ನೂರರಿಂದ ಹತ್ತು ಹತ್ತು ಇಳಿಸಿ ಎಣಿಸಲು ಹೇಳುತ್ತಾರೆ. ಕೊನೆಗೆ ಒಂದು ವಾಕ್ಯ ಬರೆಯಿಸುತ್ತಾರೆ. ನಿನ್ನೆ ದುಂಡಾಗಿದ್ದ ಅಕ್ಷರ ಇಂದು ಸೊಟ್ಟಗಾದರೆ ಅದೇ ಎಚ್ಚರಿಕೆಯ ಗಂಟೆ.

ಬಂಧುಗಳೇ, ಈ ಪರೀಕ್ಷೆಯ ಅರ್ಥವನ್ನು ಸ್ವಲ್ಪ ಯೋಚಿಸಿ. ಸಾವಿರಾರು ಪ್ರಯೋಗಗಳ ಫಲವಾಗಿ ಬಂದ ಚಿಕಿತ್ಸೆಯ ಸುರಕ್ಷತೆ ಕೊನೆಗೆ ನಿಂತಿರುವುದು ರೋಗಿ ಆಡುವ ನಾಲ್ಕು ಮಾತಿನ ಮೇಲೆ, ಬರೆಯುವ ಒಂದು ಸಾಲಿನ ಮೇಲೆ. ಆ ಮಾತು ಯಾವ ಭಾಷೆಯಲ್ಲಿರಬೇಕು? ಕನ್ನಡ ಶಾಲೆಯಲ್ಲಿ ಮಾತ್ರ ಓದಿದ ಅಜ್ಜಿಗೆ ಹಿಂದಿಯಲ್ಲಿ ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರೆ ಮೈ ಚೆನ್ನಾಗಿದ್ದಾಗಲೂ ಎಣಿಸಲಾರರು. ಅವರಿಗೆ ಮಬ್ಬು ಕವಿದಿದೆಯೋ, ಭಾಷೆ ಬಾರದೋ ಎಂದು ಹೇಳುವವರು ಯಾರು?

ನಾವು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿ ಎರಡು ಮೂರು ತಲೆಮಾರುಗಳಾದವು. ಸಂತೆಗೆ, ಲೋಕಲ್ ರೈಲಿಗೆ, ಕಚೇರಿಗೆ ಸಾಕಾಗುವಷ್ಟು ಮರಾಠಿ, ಹಿಂದಿ ನಮಗೆ ಬರುತ್ತದೆ. ಆದರೆ ನೋವಿಗೆ ಬರುವ ಭಾಷೆ ಬೇರೆ. ಹೊಟ್ಟೆ ತೊಳಸುವುದು, ಎದೆ ಉರಿ, ಎದೆ ಹಿಡಿದಂತಾಗುವುದು, ಕಣ್ಣು ಕತ್ತಲೆ ಬರುವುದು, ಕೈಕಾಲು ಸೆಳೆತ, ಮೈ ಜುಮ್ಮೆನ್ನುವುದು, ಇವಕ್ಕೆಲ್ಲ ಮರಾಠಿಯಲ್ಲಿ ಏನೆನ್ನುತ್ತಾರೆ? ನಮ್ಮ ಜೋಮು ಅವರಿಗೆ 'ಮುಂಗ್ಯಾ', ಅಂದರೆ ಇರುವೆಗಳು ಹರಿದಂತೆ. ಕೆಲವು ಪದಗಳು ನೆಂಟರಂತೆ ಹತ್ತಿರವಿವೆ: ಉತ್ತರ ಕರ್ನಾಟಕದವರು ಬವಳಿ ಬಂತು ಎಂದರೆ ಮರಾಠಿ ದಾದಿ 'ಭೋವಳ' ಎಂದು ಅರಿತುಕೊಳ್ಳುತ್ತಾಳೆ, ವಾಂತಿ ಎಂದರೆ ಇಬ್ಬರಿಗೂ ವಾಂತಿಯೇ. ಆದರೆ ಸಂಕಟದಂಥ ಪದ ಹತ್ತಿರವಿದ್ದೇ ಮೋಸ ಮಾಡುತ್ತದೆ. ಔಷಧದ ದುಷ್ಪರಿಣಾಮ ಯಂತ್ರಕ್ಕೆ ಕಾಣುವ ಮೊದಲು ರೋಗಿಯ ಬಾಯಲ್ಲಿ ಇಂಥ ಒಂದು ಪದವಾಗಿ ಹೊರಬರುತ್ತದೆ. ಆ ಪದ ಕಳೆದುಹೋದರೆ ದಾದಿಯ ಕಾವಲಿನಲ್ಲಿ ಅರ್ಧ ಕಳೆದಂತೆಯೇ.

ಕ್ಷಯದ ಚಿಕಿತ್ಸೆಯನ್ನೇ ನೋಡಿ. ಊರಿನಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗನಿಗೆ ರಿಫಾಂಪಿಸಿನ್ ಆರಂಭವಾದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ನಿರಪಾಯ, ಆದರೆ ರಕ್ತವೆಂದು ಹೆದರಿ ಅವನು ಮಾತ್ರೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದಂತಾಗಬಹುದು. ಅದೇ ಚಿಕಿತ್ಸೆಯಲ್ಲಿ ಕಣ್ಣು ಹಳದಿಯಾದರೆ ಯಕೃತ್ತಿಗೆ ಅಪಾಯ. ಎಥಾಂಬುಟಾಲ್ ನುಂಗುವವನಿಗೆ ಕೆಂಪು, ಹಸಿರು ಗುರುತಾಗದಿದ್ದರೆ ಕಣ್ಣಿನ ನರಕ್ಕೆ ಅಪಾಯ. ಯಾವುದಕ್ಕೆ ಹೆದರಬಾರದು, ಯಾವುದಕ್ಕೆ ಓಡಿ ಬರಬೇಕು ಎಂಬುದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿದಾಗಲೇ ಚಿಕಿತ್ಸೆ ಪೂರ್ಣವಾಗುತ್ತದೆ.

ಮಾತೇ ಇಲ್ಲದ ರೋಗಿಯನ್ನೂ ದಾದಿಯರು ಕಾಯಬಲ್ಲರೆಂಬುದಕ್ಕೆ ಸಾಕ್ಷಿಯಾಗಿ ನಿಂತವರು ಉತ್ತರ ಕನ್ನಡದ ಮಗಳೊಬ್ಬಳು. ಹೊನ್ನಾವರದ ಹಳದೀಪುರದಿಂದ ಬಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರು 1973ರ ನವೆಂಬರ್ 27ರಂದು ಕ್ರೂರ ದಾಳಿಗೆ ಗುರಿಯಾದರು. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ಕಾಯ್ದರು. ಮುಖದ ಚಲನೆ, ಬಾಯಿಯ ಸದ್ದು, ಊಟ ನುಂಗುವ ರೀತಿ, ಇವುಗಳಿಂದಲೇ ಅವರ ಇಷ್ಟಾನಿಷ್ಟಗಳನ್ನು ಅರಿತರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ದಾದಿಯರ ಸೇವೆಯನ್ನು ಮನಸಾರೆ ಕೊಂಡಾಡಿತು. ಮಾತಿಲ್ಲದವರ ಮನಸ್ಸನ್ನೇ ಓದಿದ ವೃತ್ತಿ ಅದು. ಮಾತು ಇರುವ ನಾವು ಆ ಮಾತನ್ನು ಅವರಿಗೆ ತಲುಪಿಸದೆ ಇದ್ದರೆ ಅದು ನಮ್ಮ ಆಲಸ್ಯ.

ಆದರೆ ಕಾಯುವ ಕಣ್ಣುಗಳೂ ಸಾಕಷ್ಟಿರಬೇಕು. ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ದಾದಿ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನಮ್ಮ ಸಾರ್ವಜನಿಕ ಆಸ್ಪತ್ರೆಗಳ ವಾರ್ಡುಗಳಲ್ಲಿ ರಾತ್ರಿ ಪಾಳಿಯಲ್ಲಿ ಒಮ್ಮೆ ನಿಂತು ನೋಡಿದವರಿಗೆ ಅದು ಎಷ್ಟು ದೂರದ ಮಾತು ಎಂದು ತಿಳಿಯುತ್ತದೆ. 2023ರ ಆಗಸ್ಟಿನಲ್ಲಿ ಕಳವಾದ ಪಾಲಿಕೆ ಆಸ್ಪತ್ರೆಯಲ್ಲಿ 24 ಗಂಟೆಗಳಲ್ಲಿ 18 ರೋಗಿಗಳು ತೀರಿಕೊಂಡಾಗ ರಾಜ್ಯ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಅದರ ಕಾರಣಗಳನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಜನಸಂಖ್ಯೆ ಬೆಳೆದಂತೆ ಮಂಚ ಬೆಳೆಯಬೇಕು, ಮಂಚ ಬೆಳೆದಂತೆ ದಾದಿಯರ ಹುದ್ದೆ ಬೆಳೆಯಬೇಕು ಎಂದು ಕೇಳುವುದು ಇಲ್ಲಿ ತೆರಿಗೆ ಕಟ್ಟುವ, ಮತ ಹಾಕುವ ನಮ್ಮ ಹಕ್ಕು. ಕೇಂದ್ರ ಸರ್ಕಾರ 2016ರಲ್ಲಿ ತನ್ನ ಆಸ್ಪತ್ರೆಗಳ ದಾದಿಯರಿಗೆ ಶುಶ್ರೂಷಾಧಿಕಾರಿ ಎಂಬ ಪದನಾಮ ಕೊಟ್ಟಿತು. ಹೆಸರು ಸಂದಿತು, ಸಂಖ್ಯೆಯೂ ಸಲ್ಲಬೇಕು.

ಇನ್ನು ಸಂಘದ ಕರ್ತವ್ಯ. ನಾವು ರಾಜ್ಯೋತ್ಸವ ಮಾಡುತ್ತೇವೆ, ನಾಟಕ, ಯಕ್ಷಗಾನ ಆಡಿಸುತ್ತೇವೆ. ಅವೆಲ್ಲ ಇರಲಿ. ಅದರ ಜೊತೆಗೆ ಮೂರು ಸಣ್ಣ ಕೆಲಸಗಳನ್ನು ವಿನಯದಿಂದ ಸೂಚಿಸುತ್ತೇನೆ.

ಮೊದಲನೆಯದು, ಒಂದು ಹಾಳೆ. ನೋವು, ತೊಂದರೆಗಳನ್ನು ಹೇಳುವ ಮೂವತ್ತು ನಲವತ್ತು ಕನ್ನಡ ಪದಗಳನ್ನು ದೇವನಾಗರಿ ಅಕ್ಷರದಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ ಕೊಡಬೇಕು. ದಾದಿ ಓದಿಕೊಂಡು ಕೇಳಬಹುದು. ರೋಗಿ ಬೆರಳಿಟ್ಟು ತೋರಿಸಬಹುದು. ಮಂಗಳೂರು, ಧಾರವಾಡ, ಮೈಸೂರು ಕಡೆಯ ಪದಗಳೆಲ್ಲ ಅದರಲ್ಲಿರಲಿ, ತುಳುವೂ ಇರಲಿ. ಅರ್ಥವನ್ನು ವೈದ್ಯರೊಬ್ಬರೂ ದಾದಿಯೊಬ್ಬರೂ ನೋಡಿ ಒಪ್ಪಲಿ. ಅದೇ ಹಾಳೆಯ ಹಿಂಬದಿಯಲ್ಲಿ ರೋಗಿ ತೆಗೆದುಕೊಳ್ಳುವ ಎಲ್ಲ ಔಷಧಗಳ ಪಟ್ಟಿ. ಊರಿನಿಂದ ತರಿಸಿದ ಕಷಾಯ, ಭಸ್ಮ, ನಾಟಿ ಮದ್ದು ಕೂಡ ಅದರಲ್ಲಿರಬೇಕು. ಒಗ್ಗದ ಔಷಧ ಯಾವುದು, ಉಪವಾಸದ ದಿನಗಳು ಯಾವುವು ಎಂಬುದೂ ಇರಬೇಕು. ಏಕಾದಶಿಯನ್ನು ಬರೆಯಲು ಮರೆಯಬೇಡಿ!

ಎರಡನೆಯದು, ಜೊತೆಗಾರರ ಪಟ್ಟಿ. ನಮ್ಮಲ್ಲಿ ನಿವೃತ್ತರಾದವರು ಬಹಳ ಮಂದಿ ಇದ್ದಾರೆ. ಕಲ್ಯಾಣದ ರೈಲ್ವೆ ಆಸ್ಪತ್ರೆಯಿರಲಿ, ರುಕ್ಮಿಣಿಬಾಯಿ ಆಸ್ಪತ್ರೆಯಿರಲಿ, ಇಲ್ಲಿಯ ಶಾಸ್ತ್ರಿನಗರ ಆಸ್ಪತ್ರೆಯಿರಲಿ, ಮನೆಯವರಿಲ್ಲದ ಕನ್ನಡ ರೋಗಿಯ ಬಳಿ ಆಸ್ಪತ್ರೆಯವರ ಒಪ್ಪಿಗೆ ಪಡೆದು ಒಂದು ಗಂಟೆ ಕುಳಿತು ಮಾತು ದಾಟಿಸಲು ಅವರು ಸಾಲದೇ? ಒಂದೇ ಎಚ್ಚರ: ಮಾತನ್ನು ದಾಟಿಸಬೇಕು, ತಿದ್ದಬಾರದು, ಸಲಹೆ ಕೊಡಬಾರದು. ಸಿಸ್ಟರ್ ಬಂದು ಕೇಳಿದಾಗ ರೋಗಿ ಬಾಯಿ ತೆರೆಯುವ ಮೊದಲೇ "ಏನಿಲ್ಲ, ಚೆನ್ನಾಗಿದ್ದಾರೆ" ಎಂದು ಮಗನೋ ಸೊಸೆಯೋ ಉತ್ತರಿಸುವುದನ್ನು ನಾವೆಲ್ಲ ನೋಡಿದ್ದೇವೆ. ನಾನೇ ಹಾಗೆ ಉತ್ತರಿಸಿದ್ದೇನೆ. "ಪಾಪ, ರಾತ್ರಿ ಹೊತ್ತು ಅವರಿಗೇಕೆ ತೊಂದರೆ" ಎಂದು ಸುಮ್ಮನಿರುವ ತಾಯಂದಿರೂ ಇದ್ದಾರೆ. ತೊಂದರೆಯನ್ನು ಹೇಳುವುದೇ ದಾದಿಗೆ ನಾವು ಮಾಡುವ ಸಹಾಯ.

ಮೂರನೆಯದು, ಆ ಕನ್ನಡ ನಮೂನೆ. ಸಂಘದ ವಾಚನಾಲಯದಲ್ಲಿ ಅದರ ಪ್ರತಿಗಳು ಇರಲಿ. ಯಾವ ಔಷಧದಿಂದಾದರೂ ತೊಂದರೆಯಾದರೆ ಮೊದಲು ವೈದ್ಯರಿಗೋ ದಾದಿಗೋ ತಿಳಿಸಿ, ಆಮೇಲೆ ನಮೂನೆಯನ್ನು ತುಂಬಿ ಕಳಿಸಿ. ಹೆದರಿ ತಾವಾಗಿಯೇ ಔಷಧ ನಿಲ್ಲಿಸಬೇಡಿ. ಕನ್ನಡಿಗ ರೋಗಿಯೊಬ್ಬನ ಅನುಭವ ಕನ್ನಡದಲ್ಲಿಯೇ ರಾಷ್ಟ್ರದ ದಾಖಲೆಗೆ ಸೇರುವುದೂ ಕನ್ನಡದ ಕೆಲಸವೇ.

ಅಮ್ಮನನ್ನು ಮನೆಗೆ ಕರೆತರುವ ದಿನ ಆ ಹುಡುಗಿ ಒಂದು ಕಾಗದ ತಂದು ನನ್ನ ಮುಂದೆ ಹಿಡಿದಳು. 'ಸಂಕಟ' ಎಂಬುದನ್ನು ತನ್ನ ಅಕ್ಷರದಲ್ಲಿ ಬರೆದುಕೊಂಡಿದ್ದಳು. "ಇಂಥ ಪದ ಇನ್ನೇನೇನಿವೆ, ಕಾಕಾ, ಬರೆದುಕೊಡಿ" ಎಂದಳು. ಅಂದು ಅವಸರದಲ್ಲಿ ಏಳೆಂಟು ಪದ ಬರೆದುಕೊಟ್ಟೆ. ಉಳಿದವನ್ನು ಬರೆದುಕೊಡುವ ಬಾಕಿ ಇನ್ನೂ ನನ್ನ ಮೇಲಿದೆ. ಅದನ್ನು ತೀರಿಸಲು ತಮ್ಮೆಲ್ಲರ ಸಹಾಯ ಬೇಡುತ್ತೇನೆ.